ಶರಾವತಿಯ ಅಳಿವೆ ಮತ್ತು ಜೈನ ಅರಸುತನ: ಗೇರುಸೊಪ್ಪೆ, ಹಾಡುವಳ್ಳಿ ರಾಜ್ಯಗಳ ಕಡಲ ಇತಿಹಾಸ

ಘಟ್ಟವನ್ನಿಳಿದು ಬರುವ ಶರಾವತಿ ನದಿಯು ಗೇರುಸೊಪ್ಪೆಯ ಬಳಿ ತನ್ನ ರಭಸವನ್ನು ಕಳೆದುಕೊಂಡು, ಅಲ್ಲಿಂದ ಸುಮಾರು 30 ಕಿಲೋಮೀಟರುಗಳಷ್ಟು ದೂರ ತೆಂಗಿನ ತೋಟಗಳ ನಡುವೆ ಹರಿದು ಹೊನ್ನಾವರದಲ್ಲಿ ಸಮುದ್ರವನ್ನು ಸೇರುತ್ತದೆ. ಈ ಹರಹಿನಲ್ಲಿ ದೋಣಿಗಳು ನಿರಾತಂಕವಾಗಿ ಸಂಚರಿಸಬಲ್ಲವು. ಘಟ್ಟದ ಮೇಲಿನಿಂದ ಎತ್ತಿನ ಬೆನ್ನ ಮೇಲೆ ಇಳಿದ ಮೆಣಸು ಗೇರುಸೊಪ್ಪೆಯಲ್ಲಿ ದೋಣಿಗೆ ಏರುತ್ತಿತ್ತು. ಹೊನ್ನಾವರದಲ್ಲಿ ಹಡಗಿಗೆ ಏರುತ್ತಿತ್ತು. ನದಿಯಲ್ಲಿ ನೌಕಾಸಂಚಾರವು ಎಲ್ಲಿ ಕೊನೆಗೊಳ್ಳುವುದೋ ಅಲ್ಲಿಯೇ ಒಂದು ರಾಜಧಾನಿಯು ಬೆಳೆದುದು ಆಕಸ್ಮಿಕವಲ್ಲ. ಶಾಸನ ಮತ್ತು ಕಾವ್ಯಗಳಲ್ಲಿ ಕ್ಷೇಮಪುರ, ಭಲ್ಲಾತಕೀಪುರ ಎಂಬ ಹೆಸರುಗಳಿಂದ ವರ್ಣಿತವಾಗಿರುವ ಈ ನಗರವೂ, ಭಟ್ಕಳದ ಒಳನಾಡಿನಲ್ಲಿದ್ದ ಸಂಗೀತಪುರವೆಂಬ ಹಾಡುವಳ್ಳಿಯೂ ಸಾಳುವ ವಂಶದ ಜೈನ ಅರಸರ ನೆಲೆಗಳಾಗಿದ್ದವು. (ಗೇರನ್ನು ಭಲ್ಲಾತಕವೆಂದೂ, ಹಾಡನ್ನು ಸಂಗೀತವೆಂದೂ ಸಂಸ್ಕೃತಕ್ಕೆ ಹೊರಳಿಸಿಕೊಂಡ ಪಂಡಿತರ ಜಾಣ್ಮೆ ಇಲ್ಲಿ ಸ್ಪಷ್ಟವಾಗಿದೆ.) ಹೊನ್ನಾವರ ಮತ್ತು ಭಟ್ಕಳಗಳು ಈ ಅರಸುತನದ ಎರಡು ಕಡಲ ಬಾಗಿಲುಗಳು.

ಈ ಅರಸುತನದ ಧಾರ್ಮಿಕ ಇತಿಹಾಸವು ವಿದ್ವಾಂಸರಿಗೆ ಪರಿಚಿತವಾದುದೇ. ಸಾಗರ ತಾಲೂಕಿನ ಬಿದರೂರಿನ ಶಾಸನಗಳು 15ನೆಯ ಶತಮಾನದ ಕೊನೆಯ ಭಾಗದಲ್ಲಿ ಸಂಗೀತಪುರವನ್ನಾಳಿದ ಸಾಳುವೇಂದ್ರ, ಇಂದಗರಸರನ್ನು ಹೆಸರಿಸುತ್ತವೆ. ಹುಂಚದ ದೀರ್ಘ ಶಾಸನವು ವಾದಿ ವಿದ್ಯಾನಂದರು ಯಾವ ಯಾವ ರಾಜಸಭೆಗಳಲ್ಲಿ ವಾದ ಮಾಡಿ ಗೆದ್ದರೆಂಬುದನ್ನು ಹೇಳುವಾಗ ಈ ಸಾಳುವ ಅರಸರ ಆಸ್ಥಾನಗಳನ್ನೂ ಸೇರಿಸುತ್ತದೆ. ‘ಕಾವ್ಯಸಾರ’ವೆಂಬ ಸಂಕಲನ ಗ್ರಂಥವು ಈ ವಿದ್ಯಾನಂದರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಜೈನ ಪರಂಪರೆಯ ಭಾರತಕಥೆಯನ್ನು ಷಟ್ಪದಿಯಲ್ಲಿ ಬರೆದ ಸಾಳ್ವ ಕವಿಯು ಸಾಳ್ವಮಲ್ಲನ ಆಶ್ರಯದಲ್ಲಿದ್ದವನು. ಆದರೆ ಈ ಸಾಮಗ್ರಿಯನ್ನೆಲ್ಲ ಓದಿ ಮುಗಿಸಿದವರಿಗೆ ಒಂದು ಕೊರತೆ ಎದ್ದು ಕಾಣುತ್ತದೆ. ಪ್ರಶಸ್ತಿಗಳಲ್ಲಿ ಆನೆ ಕುದುರೆಗಳುಂಟು, ದಾನಶಾಲೆಗಳುಂಟು, ಶತ್ರುರಾಜರ ಕಿರೀಟಗಳುಂಟು. ಹಡಗಿನ ಮಾತು ತೀರ ವಿರಳ. ಕಡಲಿನಿಂದ ಬಂದ ಶತ್ರುವಿನ ಹೆಸರನ್ನು ಹೇಳಲು ಕವಿಸಮಯದಲ್ಲಿ ಸ್ಥಳವೇ ಇರಲಿಲ್ಲ. ಇದಕ್ಕೆ ಪ್ರತಿಯಾಗಿ ಪೋರ್ತುಗೀಸರ ಬರಹಗಳಲ್ಲಿ ಹಡಗು, ಸುಂಕ, ಅಕ್ಕಿಯ ಮೂಟೆ, ಸುಟ್ಟ ಊರುಗಳ ಲೆಕ್ಕವಿದೆ. ಆ ಊರನ್ನು ಆಳಿದವರು ಯಾವ ಧರ್ಮದವರು, ಅವರ ಗುರುಗಳು ಯಾರು ಎಂಬ ವಿಚಾರವಿಲ್ಲ. ಎರಡು ಪಕ್ಷದ ಬರಹಗಳನ್ನು ಒಂದೆಡೆ ಇಟ್ಟು ನೋಡಿದ ಹೊರತು ಈ ರಾಜ್ಯದ ಇತಿಹಾಸವು ಪೂರ್ಣವಾಗುವುದಿಲ್ಲ.

ಕಡಲೆಂದರೆ ಜೈನರಿಗೆ ಅಪರಿಚಿತವಾದುದೇನೂ ಅಲ್ಲ. ಶ್ರಾವಕನು ದಿಗ್ವ್ರತವನ್ನು ಕೈಗೊಳ್ಳುವಾಗ ಎಲ್ಲೆಯಾಗಿ ಹೇಳಬೇಕಾದವುಗಳಲ್ಲಿ ಸಮುದ್ರವನ್ನೂ ಸಮಂತಭದ್ರಸ್ವಾಮಿಗಳು ‘ರತ್ನಕರಂಡಕ’ದಲ್ಲಿ ಎಣಿಸಿದ್ದಾರೆ, ಸಮುದ್ರವನ್ನು ದಾಟಿ ವ್ಯಾಪಾರ ಮಾಡುವವರು ಇದ್ದುದರಿಂದಲೇ ಆ ಎಲ್ಲೆಗೆ ಅರ್ಥವುಂಟು. ಪಡುವಣ ಕಡಲಿಗೆ ಪೋರ್ತುಗೀಸರು ಬಂದ ಕಾಲದಲ್ಲಿಯೇ ಮೂರನೆಯ ಮಂಗರಸನು ‘ಶ್ರೀಪಾಲ ಚರಿತೆ’ಯನ್ನು ರಚಿಸಿದನು. ಧವಳಸೆಟ್ಟಿಯ ಹಡಗುಗಳು, ಕಡಲುಗಳ್ಳರ ದಾಳಿ, ನಾಯಕನನ್ನು ಮೋಸದಿಂದ ನೀರಿಗೆ ದೂಡುವುದು, ಇವೆಲ್ಲ ಆ ಕಥೆಯ ಜೀವಾಳ. ಕಥೆಯು ಪ್ರಾಚೀನವಾದರೂ ಅದನ್ನು ಆ ದಶಕಗಳಲ್ಲಿ ಕರಾವಳಿಯ ಬಸದಿಗಳಲ್ಲಿ ಕೇಳಿದ ಶ್ರಾವಕರಿಗೆ ಕಡಲುಗಳ್ಳರೆಂದರೆ ಕೇವಲ ಕಥೆಯಾಗಿರಲಾರದು.

ಪೋರ್ತುಗೀಸರಿಗಿಂತ ಮುಂಚೆಯೇ ಹೊನ್ನಾವರದ ಅಳಿವೆಯು ನೌಕಾಬಲದ ನೆಲೆಯಾಗಿತ್ತು. 14ನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಇಬ್ನ್ ಬತೂತನು ಜಮಾಲುದ್ದೀನ್ ಮುಹಮ್ಮದನೆಂಬ ಸುಲ್ತಾನನು ಅಲ್ಲಿದ್ದುದನ್ನೂ, ಅವನ ಕಡಲ ಬಲಕ್ಕೆ ಅಂಜಿ ಮಲಬಾರಿನವರು ವರ್ಷವರ್ಷವೂ ಹಣ ಕೊಡುತ್ತಿದ್ದುದನ್ನೂ ಬರೆದಿದ್ದಾನೆ. 1342ರಲ್ಲಿ ಈ ಸುಲ್ತಾನನು 52 ಹಡಗುಗಳನ್ನು ಸಜ್ಜುಗೊಳಿಸಿ ಸಂದಾಪುರದ, ಎಂದರೆ ಗೋವೆಯ, ಮೇಲೆ ದಂಡೆತ್ತಿದನು. ಇಬ್ನ್ ಬತೂತನೂ ಆ ದಂಡಿನಲ್ಲಿದ್ದನು. ಸುಲ್ತಾನನು ಸ್ವತಂತ್ರನಾಗಿರಲಿಲ್ಲ, ‘ಹರ್ಯಬ್’ ಎಂಬ ಅನ್ಯಧರ್ಮೀಯ ಅರಸನಿಗೆ ಅಧೀನನಾಗಿದ್ದನು ಎಂದೂ ಅವನೇ ಹೇಳಿದ್ದಾನೆ. ಇವನು ವಿಜಯನಗರದ ಮೊದಲನೆಯ ಹರಿಹರನೆಂಬುದು ಹಲವು ವಿದ್ವಾಂಸರ ಮತ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದುವೆಂಬ ಅವನ ಹೇಳಿಕೆಯು ಪ್ರಸಿದ್ಧವಾದುದು. ಇಲ್ಲಿ ಗಮನಿಸಬೇಕಾದುದು ಅಧಿಕಾರದ ಸ್ವರೂಪ. ಅಳಿವೆಯಲ್ಲಿ ಹಡಗುಗಳ ಒಡೆಯನೊಬ್ಬ, ಒಳನಾಡಿನಲ್ಲಿ ಅವನಿಂದ ಕಪ್ಪ ಪಡೆಯುವ ಅರಸನೊಬ್ಬ ಎಂಬ ಈ ಏರ್ಪಾಡು ಮುಂದೆ ಸಾಳುವರ ಕಾಲದಲ್ಲಿಯೂ ಬೇರೆ ವೇಷದಲ್ಲಿ ಮುಂದುವರಿಯಿತು.

ಭಟ್ಕಳ ಬಂದರಿನ ಇತಿಹಾಸವನ್ನು ತುಂಗಭದ್ರೆಯ ಬಯಲಿನಿಂದ ಬೇರ್ಪಡಿಸಿ ನೋಡುವಂತಿಲ್ಲ. ಹೋರ್ಮುಜಿನಿಂದ ಹಡಗಿನಲ್ಲಿ ಬಂದ ಕುದುರೆಗಳು ಭಟ್ಕಳದಲ್ಲಿ ಇಳಿದು, ಘಟ್ಟವನ್ನೇರಿ ವಿಜಯನಗರವನ್ನು ಸೇರುತ್ತಿದ್ದವು. 2021ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹಂಪೆಯಲ್ಲಿ, ಹಜಾರ ರಾಮ ದೇವಾಲಯದ ಪ್ರಾಕಾರದ ಮೇಲೆ ಕುದುರೆಗಳನ್ನು ಹಿಡಿದು ನಡೆಸುವ ಪರದೇಶಿಗಳ ಸಾಲು ಇಂದಿಗೂ ಇದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಡೊಮಿಂಗೊ ಪಾಯಸನು ಭಟ್ಕಳದ ದಾರಿಯಲ್ಲಿ ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಸಾಗುತ್ತಿದ್ದುದನ್ನು ಹೇಳಿದ್ದಾನೆ. ಬಾರ್ಬೊಸನು ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣಗಳು ಹೊರಹೋಗುತ್ತಿದ್ದುವೆಂದು ಬರೆದಿದ್ದಾನೆ. ವಿಜಯನಗರದಲ್ಲಿ ದಂಡನಾಯಕ ಇರುಗಪ್ಪನು ಶಕ 1307ರಲ್ಲಿ ಕುಂಥು ಜಿನನಾಥನ ಚೈತ್ಯಾಲಯವನ್ನು, ಈಗ ಗಾಣಗಿತ್ತಿ ಬಸದಿಯೆಂದು ಕರೆಯುವುದನ್ನು, ಕಟ್ಟಿಸಿದಂದಿನಿಂದ ಆ ನಗರದಲ್ಲಿಯೂ ಜೈನರ ನೆಲೆಯಿತ್ತು. ಹೀಗೆ ಕುದುರೆಯ ದಾರಿಯ ಎರಡು ತುದಿಗಳಲ್ಲಿಯೂ ಬಸದಿಗಳಿದ್ದವು. ಈ ಕುದುರೆಗಳು ಯಾರಿಗೆ ಮಾರಾಟವಾಗಬೇಕೆಂಬುದೇ ಒಮ್ಮೆ ರಕ್ತಪಾತಕ್ಕೆ ಕಾರಣವಾಯಿತು. 15ನೆಯ ಶತಮಾನದ ಉತ್ತರಾರ್ಧದಲ್ಲಿ ಭಟ್ಕಳದ ಮುಸ್ಲಿಂ ವರ್ತಕರು ಬಹಮನಿಗಳಿಗೆ ಕುದುರೆ ಮಾರಿದರೆಂದು ವಿಜಯನಗರದ ಅರಸನು ಅವರ ಕೊಲೆಗೆ ಆಜ್ಞೆ ಮಾಡಿದನೆಂದೂ, ಹತ್ತು ಸಾವಿರ ಮಂದಿ ಸತ್ತರೆಂದೂ, ಉಳಿದವರು ಗೋವೆಗೆ ಹೋದರೆಂದೂ ಬಾರೋಸನು ಬರೆಯುತ್ತಾನೆ. ಸಂಖ್ಯೆಯನ್ನು ಹಾಗೆಯೇ ನಂಬಬೇಕಾಗಿಲ್ಲ. ಘಟನೆಯನ್ನು ಅಲ್ಲಗಳೆಯುವಂತೆಯೂ ಇಲ್ಲ.

ಕಡಲ ಸಂಪರ್ಕದ ಕುರುಹು ಕಲ್ಲಿನಲ್ಲಿ ಉಳಿದಿರುವ ಸ್ಥಳವೊಂದು ಮೂಡುಬಿದಿರೆಯಲ್ಲಿದೆ. ತ್ರಿಭುವನತಿಲಕ ಚೂಡಾಮಣಿ ಬಸದಿಯ ಮುಂದಿನ ಮಂಟಪವನ್ನು ಭೈರಾದೇವಿ ಮಂಟಪವೆಂದು ಕರೆಯುತ್ತಾರೆ. ಅದರ ಅಧಿಷ್ಠಾನದ ಮೇಲೆ ಜಿರಾಫೆಯೊಂದರ ಮತ್ತು ಚೀನೀ ಮಾದರಿಯ ಡ್ರಾಗನ್ ಒಂದರ ಕೆತ್ತನೆಗಳಿವೆ. ಆಫ್ರಿಕದ ಪ್ರಾಣಿಯೂ ಚೀನದ ಕಲ್ಪನೆಯೂ ಒಂದೇ ಜೈನ ಮಂಟಪದ ಬುಡದಲ್ಲಿ ಸೇರಬೇಕಾದರೆ ಅದಕ್ಕೆ ದಾರಿ ಕಡಲೊಂದೇ. ಕಾವ್ಯದ ಪ್ರಶಸ್ತಿಕಾರನು ಹೇಳದೆ ಬಿಟ್ಟುದನ್ನು ಕಲ್ಲುಕುಟಿಗನು ಹೇಳಿದ್ದಾನೆ.

1502ರಲ್ಲಿ ವಾಸ್ಕೋ ದ ಗಾಮನ ಎರಡನೆಯ ಯಾತ್ರೆಯ ಹಡಗುಗಳು ಹೊನ್ನಾವರ, ಭಟ್ಕಳಗಳ ಮುಂದೆ ಕಾಣಿಸಿಕೊಂಡವು. ಕೊರೆಯಾನ ಬರಹದ ಪ್ರಕಾರ ಭಟ್ಕಳದ ಅರಸನು ವರ್ಷಕ್ಕೆ ಸಾವಿರ ಹೇರು ಸಾಮಾನ್ಯ ಅಕ್ಕಿಯನ್ನೂ ಐನೂರು ಹೇರು ಉತ್ತಮ ಅಕ್ಕಿಯನ್ನೂ ಕೊಡಲು ಒಪ್ಪಬೇಕಾಯಿತು. ಅಕ್ಕಿಯನ್ನೇ ಏಕೆ ಕೇಳಿದರೆಂಬುದಕ್ಕೆ ಉತ್ತರ ಸುಲಭ: ತಿಂಗಳುಗಟ್ಟಲೆ ಕಡಲಲ್ಲಿರುವ ಪಡೆಗೆ ದಿನದ ಅನ್ನ ಬೇಕು. ಮುಂದಿನ ಒಂದು ಶತಮಾನದ ಒಪ್ಪಂದಗಳಲ್ಲಿ ಮೆಣಸಿನಷ್ಟೇ ಅಕ್ಕಿಯ ಮಾತು ಬರುವುದಕ್ಕೆ ಇದೇ ಕಾರಣ. 1505ರಲ್ಲಿ ಅಲ್ಮೇದನು ಅಂಜುದೀವಿಯಲ್ಲಿ ಕೋಟೆ ಕಟ್ಟಿಸಿ, ಹೊನ್ನಾವರದ ಹಡಗುಗಳಿಗೆ ಬೆಂಕಿಯಿಕ್ಕಿದನು. ಅಂಜುದೀವಿಯ ಕೋಟೆಯನ್ನು ಮಾರನೆಯ ವರ್ಷವೇ ಪೋರ್ತುಗೀಸರು ಕೆಡವಿ ಹೊರಟುಹೋದರು.

ಈ ಕಾಲದ ಹೊನ್ನಾವರದಲ್ಲಿ ಮುಖ್ಯವಾಗಿ ಕಾಣುವವನು ತಿಮ್ಮೋಜ, ಪೋರ್ತುಗೀಸರ ‘ತಿಮೋಜ’. ಇವನೂ ರಾವ್‌ಜಿ ಎಂಬ ಇನ್ನೊಬ್ಬನೂ ತಲಾ ಐದಾರು ದೊಡ್ಡ ಹಡಗುಗಳನ್ನಿಟ್ಟುಕೊಂಡು ಹಾದುಹೋಗುವ ನಾವೆಗಳನ್ನು ಸುಲಿಯುತ್ತಿದ್ದರೆಂದೂ, ಬಂದುದರಲ್ಲಿ ನಾಡಿನ ಒಡೆಯನಿಗೆ ಪಾಲು ಸಲ್ಲುತ್ತಿತ್ತೆಂದೂ ಬಾರ್ಬೊಸನು ಬರೆದಿದ್ದಾನೆ. ಇದನ್ನು ಕೇವಲ ಕಳ್ಳತನವೆಂದು ತಳ್ಳಿಹಾಕುವುದು ಸರಿಯಲ್ಲ. ಕುದುರೆಯ ಹಡಗು ಬೇರೆ ಬಂದರಿಗೆ ಹೋಗದಂತೆ ತಡೆಯುವುದು ಅಂದಿನ ಕಡಲ ರಾಜಕಾರಣದ ಒಂದು ಅಂಗವಾಗಿತ್ತು. ತನ್ನದೇ ನೌಕಾಪಡೆಯನ್ನು ಸಾಕಲಾರದ ಒಳನಾಡಿನ ಅರಸನಿಗೆ ಇಂಥವರೇ ನೌಕಾಪಡೆ. ಆದರೆ ಬಾಡಿಗೆಯ ಬಲಕ್ಕೆ ಇರುವ ದೋಷವು ಇದಕ್ಕೂ ಇತ್ತು. 1510ರಲ್ಲಿ ಗೋವೆಯ ಮೇಲೆ ಹೋಗುವಂತೆ ಅಲ್ಬುಕರ್ಕನನ್ನು ಪ್ರೇರಿಸಿ, ತನ್ನ ಹಡಗುಗಳೊಡನೆ ಅವನ ಜೊತೆ ನಡೆದವನು ಈ ತಿಮ್ಮೋಜನೇ. ಆ ವರ್ಷದ ನವೆಂಬರ್ 25ರಂದು ಗೋವೆಯು ಕೊನೆಗೂ ಪೋರ್ತುಗೀಸರ ವಶವಾದ ಮೇಲೆ, ಶರಾವತಿಯ ಅಳಿವೆಯಿಂದ ಒಂದೆರಡು ದಿನದ ಪಯಣದಷ್ಟು ದೂರದಲ್ಲಿ ಸ್ಥಿರವಾದ ಒಂದು ನೌಕಾನೆಲೆ ಹುಟ್ಟಿತು. ಸಾಳುವ ಅರಸುತನದ ಮುಂದಿನ ಕಷ್ಟಗಳಿಗೆಲ್ಲ ಇದು ಬೀಜ.

1542ರಲ್ಲಿ ಮಾರ್ಟಿಂ ಅಫೊನ್ಸೊ ದ ಸೋಜನು ಭಟ್ಕಳದ ಮೇಲೆ ಬಿದ್ದನು. ಕಪ್ಪ ಸಂದಿಲ್ಲ, ಕಡಲುಗಳ್ಳರಿಗೆ ಆಶ್ರಯ ಕೊಡಲಾಗಿದೆ ಎಂಬುದು ನೆಪ. ಊರನ್ನು ಹೊಕ್ಕ ಸೈನಿಕರು ಕೊಳ್ಳೆಯ ಹಂಚಿಕೆಗಾಗಿ ತಮ್ಮತಮ್ಮಲ್ಲಿಯೇ ಕಾದಾಡಿದರೆಂದು ಅವರದೇ ಚರಿತ್ರಕಾರರು ಬರೆದಿದ್ದಾರೆ. ಆಮೇಲೆ ಊರನ್ನು ಸುಟ್ಟು, ಸುತ್ತಲಿನ ಮರಗಳನ್ನು ಕಡಿದುಹಾಕಿದರು. 1548ರಲ್ಲಿ ಗವರ್ನರ್ ಗಾರ್ಸಿಯಾ ದ ಸಾನ ಕಾಲದಲ್ಲಿ ಆದ ಒಪ್ಪಂದದಲ್ಲಿ ಭಟ್ಕಳದ ರಾಣಿಯು ಅಕ್ಕಿಯ ಕಪ್ಪವನ್ನು ಸಲ್ಲಿಸುವುದಾಗಿಯೂ ಕಡಲುಗಳ್ಳರಿಗೆ ಎಡೆಗೊಡುವುದಿಲ್ಲವೆಂದೂ ಒಪ್ಪಿಕೊಂಡಳು.

ಈ ರಾಣಿ ಯಾರು? ಗೇರುಸೊಪ್ಪೆಯ ಚೆನ್ನಭೈರಾದೇವಿಯ ಆಳ್ವಿಕೆಯನ್ನು ಸಾಮಾನ್ಯವಾಗಿ 1552ರಿಂದ 1606ರವರೆಗೆ ಎಂದು ಎಣಿಸಲಾಗುತ್ತದೆ. ಜನಪ್ರಿಯ ಬರಹಗಳಲ್ಲಿ 1542ರ ಸಂಗ್ರಾಮವನ್ನೂ ಅವಳ ಲೆಕ್ಕಕ್ಕೇ ಸೇರಿಸುವುದುಂಟು. ಹಾಗೆ ಮಾಡಿದರೆ ಅವಳ ಅಧಿಕಾರಾವಧಿಯು 64 ವರ್ಷಗಳಿಗೂ ಮೀರುತ್ತದೆ. ಪೋರ್ತುಗೀಸರು ‘ಭಟ್ಕಳದ ರಾಣಿ’, ‘ಗೇರುಸೊಪ್ಪೆಯ ರಾಣಿ’ ಎಂದು ಸ್ಥಳದಿಂದ ಕರೆಯುತ್ತಾರೆಯೇ ಹೊರತು ಹೆಸರಿನ ವಿಷಯದಲ್ಲಿ ಎಚ್ಚರ ವಹಿಸುವುದಿಲ್ಲ. ಇತ್ತ ಈ ವಂಶದಲ್ಲಿ ಅಳಿಯಸಂತಾನ ಪದ್ಧತಿಯಿದ್ದಿತು. ಭೈರವ, ಭೈರಾದೇವಿ, ಚೆನ್ನಾದೇವಿ ಎಂಬ ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಮರಳಿ ಬರುತ್ತಿದ್ದವು. ಆದುದರಿಂದ 1542ರ ರಾಣಿಯನ್ನು ಬೇರೆ ವ್ಯಕ್ತಿಯೆಂದು ಹಿಡಿಯುವುದೇ ಯುಕ್ತ. ಒಬ್ಬ ವೀರರಾಣಿಯ ಬದಲು ಒಂದು ಮನೆತನದ ಹಲವು ಹೆಣ್ಣುಮಕ್ಕಳು ಕಡಲ ಬಾಗಿಲನ್ನು ಕಾದರೆಂದು ತಿಳಿದರೆ ಯಾರ ಗೌರವಕ್ಕೂ ಕುಂದಿಲ್ಲ. ಹಸ್ತಪ್ರತಿಗಳ ಪುಷ್ಪಿಕೆಗಳಲ್ಲಿ ಆಳುವ ರಾಣಿಯ ಹೆಸರು ಬಂದಾಗ ಶಕವರ್ಷ, ಸಂವತ್ಸರಗಳೆರಡನ್ನೂ ತಾಳೆ ನೋಡದೆ ಅವಳನ್ನು ಚೆನ್ನಭೈರಾದೇವಿಯೆಂದು ಗುರುತಿಸುವುದು ಅಪಾಯಕರ.

ಇದೇ ತೊಡಕು ಉಳ್ಳಾಲದ ಚೌಟ ರಾಣಿಯರ ವಿಷಯದಲ್ಲಿಯೂ ಇದೆ. ಚೌಟರೂ ಜೈನರು, ಅಳಿಯಸಂತಾನದವರು. ವೈಸರಾಯ್ ಅಂತಾವೊ ದ ನೊರೊನ್ಯನು ಉಳ್ಳಾಲದ ರಾಣಿಯ ಮೇಲೆ ದಂಡೆತ್ತಿ ಬಂದು 1568ರಲ್ಲಿ ಮಂಗಳೂರಿನಲ್ಲಿ ಕೋಟೆ ಕಟ್ಟಿಸಿದನು. ಆಗಿನ ರಾಣಿಯನ್ನು ಪೋರ್ತುಗೀಸ್ ಬರಹಗಳು ‘ಬುಕ್ಕದೇವಿ’ ಎನ್ನುತ್ತವೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಮಾಣೇಲಿನಲ್ಲಿ ಕಂಡವಳು ‘ಅಬ್ಬಗದೇವಿ ಚೌಟ’. ಬರಿಗಾಲಿನಲ್ಲಿ, ಹೊಸದಾಗಿ ತೋಡಿಸುತ್ತಿದ್ದ ಕಾಲುವೆಯನ್ನು ನೋಡಲು ನಡೆದುಹೋಗುತ್ತಿದ್ದ ಆಕೆಯ ವಯಸ್ಸು ನಲವತ್ತರ ಆಸುಪಾಸು ಇರಬಹುದೆಂದು ಅವನು ಊಹಿಸಿದನು. ಊಹೆಯು ಹತ್ತು ಹದಿನೈದು ವರ್ಷ ತಪ್ಪಿದ್ದರೂ 1568ರಲ್ಲಿ ಸೈನ್ಯವನ್ನು ನಡೆಸಿದವಳು ಇವಳಾಗಿರುವುದು ಅಸಾಧ್ಯ. ರಾಣಿಯ ವೇಷವನ್ನು ಹಗುರವಾಗಿ ಬರೆದ ಆ ಪ್ರವಾಸಿಯೂ ಆಕೆಯ ಮಾತಿನ ವಿವೇಕವನ್ನು ಮೆಚ್ಚಿಕೊಳ್ಳದೆ ಇರಲಿಲ್ಲ.

1565ರಲ್ಲಿ ರಕ್ಕಸತಂಗಡಿಯ ಯುದ್ಧವಾಗಿ ವಿಜಯನಗರದ ಆಸರೆ ಕಳಚಿದ ಮೇಲೆ ಕರಾವಳಿಯ ಅರಸರು ಒಂಟಿಯಾದರು. ಕುದುರೆಯ ವ್ಯಾಪಾರವು ಕುಗ್ಗಿತು, ಉಳಿದುದು ಮೆಣಸು. 1569ರಲ್ಲಿ ವೈಸರಾಯ್ ಲೂಯಿಸ್ ದ ಅತಾಯಿದನು ಹೊನ್ನಾವರವನ್ನೂ ಬಸರೂರನ್ನೂ ಹಿಡಿದು ಕೋಟೆಗಳನ್ನು ಭದ್ರಪಡಿಸಿದನು. ಬಿಜಾಪುರದ ಅಲಿ ಆದಿಲ್‌ಶಾಹ, ಅಹಮದನಗರದ ನಿಜಾಮಶಾಹ, ಕಲ್ಲಿಕೋಟೆಯ ಸಾಮೂದಿರಿ ಇವರು ಪೋರ್ತುಗೀಸರ ವಿರುದ್ಧ ಏಕಕಾಲದಲ್ಲಿ ಎದ್ದಾಗ, 1570-71ರಲ್ಲಿ ಗೇರುಸೊಪ್ಪೆಯ ರಾಣಿಯೂ ಹೊನ್ನಾವರದ ಕೋಟೆಗೆ ಮುತ್ತಿಗೆ ಹಾಕಿದಳು. ಮುತ್ತಿಗೆಯು ಫಲಿಸಲಿಲ್ಲ, ಕಡಲಿನ ಕಡೆಯಿಂದ ಕೋಟೆಗೆ ನೆರವು ಬಂದಿತು. ನೆಲದಿಂದ ಎಷ್ಟೇ ಮಂದಿ ಸುತ್ತುವರಿದರೂ ಕಡಲ ದಾರಿಯನ್ನು ಮುಚ್ಚದೆ ಅಳಿವೆಯ ಕೋಟೆಯನ್ನು ಹಸಿವಿನಿಂದ ಮಣಿಸಲಾಗದು. ತಿಮ್ಮೋಜನಂಥವರ ಹಡಗುಗಳು ಇಲ್ಲವಾದುದರ ಬೆಲೆಯನ್ನು ಗೇರುಸೊಪ್ಪೆಯು ಆ ವರ್ಷ ತೆತ್ತಿತು.

ಆದರೆ ಕೋಟೆ ಹಿಡಿದವರ ಪಾಡೂ ಸುಖದ್ದಾಗಿರಲಿಲ್ಲ. ಅಳಿವೆಯು ಅವರದು, ನದಿಯು ರಾಣಿಯದು. ಮಳೆಗಾಲದಲ್ಲಿ ಪಡುವಣ ಕಡಲು ಹಡಗುಗಳಿಗೆ ಮುಚ್ಚಿಕೊಳ್ಳುತ್ತದೆ. ಉಳಿದ ತಿಂಗಳುಗಳಲ್ಲಿ ಮೆಣಸು ಇಳಿದು ಬರಬೇಕಾದರೆ ಗೇರುಸೊಪ್ಪೆಯ ಒಪ್ಪಿಗೆ ಬೇಕು. ಪೋರ್ತುಗೀಸರು ಅವಳನ್ನು ‘ಮೆಣಸಿನ ರಾಣಿ’ಯೆಂದು ಕರೆದುದು ಹೊಗಳಿಕೆಗಿಂತ ಹೆಚ್ಚಾಗಿ ವ್ಯವಹಾರದ ಮಾತು. ಅಘನಾಶಿನಿಯ ದಡದ ಮಿರ್ಜಾನ್ ಕೋಟೆಯನ್ನು ಅವಳೇ ಕಟ್ಟಿಸಿದಳೆಂಬ ಪ್ರತೀತಿಯಿದೆ. ಬಿಜಾಪುರದ ಅಧಿಕಾರಿಗಳ ಕೃತಿಯೆಂಬ ಮತವೂ ಇದೆ. ಈಗ ನಿಂತಿರುವ ಕಟ್ಟಡವನ್ನೆಲ್ಲ ಒಬ್ಬರಿಗೇ ಸಲ್ಲಿಸುವ ಆತುರ ಬೇಡ.

ಜಿನಧರ್ಮೀಯಳಾದ ರಾಣಿಯು ಯುದ್ಧ ಮಾಡಿದುದು ಹೇಗೆ ಸಲ್ಲುತ್ತದೆಂಬ ಪ್ರಶ್ನೆಯನ್ನು ಕೆಲವರು ಎತ್ತುವುದುಂಟು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ಹಿಂಸೆಯ ವಿಭಾಗವನ್ನು ಬಲ್ಲವರಿಗೆ ಇಲ್ಲಿ ತೊಡಕಿಲ್ಲ. ಅಣುವ್ರತಿಯಾದ ಗೃಹಸ್ಥನು ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು. ತನ್ನನ್ನೂ ಆಶ್ರಿತರನ್ನೂ ಕಾಯಲು ಮಾಡುವ ವಿರೋಧೀ ಹಿಂಸೆಯು ಅವನ ಸ್ಥಾನಕ್ಕೆ ಅನಿವಾರ್ಯ. ಗಂಗರ ಚಾವುಂಡರಾಯನಿಗೆ ಸಂದ ನ್ಯಾಯವು ಗೇರುಸೊಪ್ಪೆಯ ರಾಣಿಗೂ ಸಲ್ಲುತ್ತದೆ.

ರಾಜ್ಯವನ್ನು ಕೊನೆಗಾಣಿಸಿದ್ದು ಕಡಲಿನ ಶತ್ರುವಲ್ಲ. ಇಕ್ಕೇರಿಯ ವೆಂಕಟಪ್ಪನಾಯಕನು 1606ರ ಸುಮಾರಿಗೆ ಗೇರುಸೊಪ್ಪೆಯನ್ನು ಗೆದ್ದನು; ರಾಣಿಯು ಸೆರೆಯಲ್ಲಿಯೇ ತೀರಿಕೊಂಡಳೆಂಬುದು ಐತಿಹ್ಯ. ‘ಕೆಳದಿನೃಪವಿಜಯ’ದಲ್ಲಿ ಭೈರಾದೇವಿಯ ಮೇಲಿನ ವಿಜಯದ ಮಾತಿದೆ, ಆದರೆ ಲಿಂಗಣ್ಣಕವಿಯು ಗೆದ್ದವರ ಪಕ್ಷದವನು, ಘಟನೆಗೆ ಒಂದೂವರೆ ಶತಮಾನದಾಚೆಗೆ ಬರೆದವನು. ದೆಲ್ಲಾ ವಾಲ್ಲೆಯು 1623ರಲ್ಲಿ ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯನ್ನೇರಿ ಗೇರುಸೊಪ್ಪೆಗೆ ಬಂದನು. ನದಿಯ ಚೆಲುವನ್ನು ಮನಸಾರೆ ಹೊಗಳಿದ ಅವನಿಗೆ ಕಂಡುದು ಹಾಳುಬಿದ್ದ ಅರಮನೆ, ಮರಗಿಡಗಳು ಬೆಳೆದ ಬೀದಿ, ಕೆಲವೇ ಮನೆಗಳು. ಕೊನೆಯ ರಾಣಿಯು ಕೀಳು ಕುಲದ ಪರಕೀಯನೊಬ್ಬನಲ್ಲಿ ಅನುರಕ್ತಳಾಗಿ ರಾಜ್ಯವನ್ನು ಕಳೆದುಕೊಂಡಳೆಂಬ ಕಥೆಯನ್ನೂ ಅವನು ಬರೆದಿಟ್ಟಿದ್ದಾನೆ. ಈ ಕಥೆಯನ್ನು ಉದ್ಧರಿಸುವವರು ಒಂದು ಸಂಗತಿಯನ್ನು ಮರೆಯುತ್ತಾರೆ: ಅವನು ಆಗ ಪಯಣಿಸುತ್ತಿದ್ದುದು ವೆಂಕಟಪ್ಪನಾಯಕನ ರಾಯಭಾರಿ ವಿಠಲ ಶೆಣೈಯ ಸಂಗಡ. ಗೆದ್ದ ಅರಸನ ಪರಿವಾರದಲ್ಲಿ ಸೋತ ರಾಣಿಯ ಶೀಲದ ಬಗೆಗೆ ಒಳ್ಳೆಯ ಮಾತು ಕೇಳಿಬರುವ ಸಂಭವವಿರಲಿಲ್ಲ.

ಗೇರುಸೊಪ್ಪೆ ಬೀಳುವುದಕ್ಕೆ ಎರಡು ವರ್ಷ ಮೊದಲು, 1604ರಲ್ಲಿ, ಸುಧಾಪುರದ ಭಟ್ಟಾಕಳಂಕದೇವನು ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದನು. ಘಟ್ಟದ ಈಚೆ ಆಚೆ ಸೈನ್ಯಗಳು ಚಲಿಸುತ್ತಿದ್ದ ದಿನಗಳಲ್ಲಿ ಸೋದೆಯ ಮಠದಲ್ಲಿ ಕುಳಿತು ಕನ್ನಡಕ್ಕೆ ಸಂಸ್ಕೃತದಲ್ಲಿ ವ್ಯಾಕರಣ ಬರೆದ ಆ ವಿದ್ವಾಂಸನ ಹೆಸರಿನಿಂದಲೇ ಭಟ್ಕಳಕ್ಕೆ ಆ ಹೆಸರು ಬಂದಿತೆಂದು ಕೆಲವರು ಅಭಿಮಾನದಿಂದ ಹೇಳುತ್ತಾರೆ. ಇದು ನಿಲ್ಲುವಂತಿಲ್ಲ. 14ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಜೋರ್ಡಾನಸ್ ಎಂಬ ಪಾದ್ರಿಯು ‘ಬತಿಗಾಲ’ ಎಂದು ಆ ಊರನ್ನು ಹೆಸರಿಸಿದ್ದಾನೆ. ಪೋರ್ತುಗೀಸರು ಬಂದಂದಿನಿಂದ ‘ಬತಿಕಾಲ’ ಎಂದೇ ಬರೆದಿದ್ದಾರೆ. ಭಟ್ಕಳದ ಪೇಟೆಯಲ್ಲಿ ಈಗಲೂ ನಿಂತಿರುವ ಜಟ್ಟಪ್ಪನಾಯಕನ ಚಂದ್ರನಾಥೇಶ್ವರ ಬಸದಿಯೂ, ಗೇರುಸೊಪ್ಪೆಯ ಕಾಡಿನೊಳಗಿನ ನಾಲ್ಕು ಬಾಗಿಲಿನ ಚತುರ್ಮುಖ ಬಸದಿಯೂ ಆ ಬಂದರಿನ ಹಣದಿಂದ ಮೇಲೆದ್ದ ಕಲ್ಲುಗಳೇ.